ಅನ್ನ ಬಿಟ್ಟ ಮನೆ, ರಾತ್ರಿ ಹನ್ನೊಂದರ ಬಿಸ್ಕತ್ತು

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 38 ವರ್ಷ, ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ನಾಲ್ಕು ತಿಂಗಳ ಹಿಂದೆ ನಮ್ಮ ಯಜಮಾನರಿಗೆ (44 ವರ್ಷ) ಆಫೀಸಿನ ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.1 ಬಂತು. ಡಾಕ್ಟರು "ಇನ್ನೂ ಶುಗರ್ ಅಲ್ಲ, ಅಂಚಿನಲ್ಲಿದ್ದೀರಿ, ಊಟ ನೋಡ್ಕೊಳ್ಳಿ" ಅಂದರು. ನಮ್ಮ ಮಾವನವರಿಗೆ ಶುಗರ್ ಇತ್ತು. ಕೊನೆಗೆ ಕಾಲಿನ ಎರಡು ಬೆರಳು ತೆಗೆಸಬೇಕಾಯಿತು. ಅದನ್ನು ನೋಡಿದ್ದರಿಂದ ನಾನು ತುಂಬಾ ಹೆದರಿಬಿಟ್ಟೆ. ಯೂಟ್ಯೂಬ್‌ನಲ್ಲಿ ಸಿಕ್ಕಿದ್ದೆಲ್ಲ ನೋಡಿ ಮನೆಗೆ ಅಕ್ಕಿ ತರುವುದನ್ನೇ ನಿಲ್ಲಿಸಿದೆ. ಬೆಳಗ್ಗೆ ನವಣೆ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ, ರಾತ್ರಿ ಇವರಿಗೂ ನನಗೂ ಬರೀ ಸಲಾಡ್. ಸಕ್ಕರೆ ಬದಲು ಬೆಲ್ಲ, ಪ್ಯಾಕೆಟ್ ಎಣ್ಣೆ ಬದಲು ಗಾಣದ ಎಣ್ಣೆ.

ಈಗ ಯಜಮಾನರಿಗೆ ಹೊಟ್ಟೆ ಉಬ್ಬರ, ಮಲಬದ್ಧತೆ. "ಮನೇಲಿ ಊಟಾನೇ ಇಲ್ಲ" ಅಂತ ಸಂಜೆ ಬೇಕರಿಗೆ ಹೋಗಿ ಬರುತ್ತಾರೆ. ಅತ್ತೆ ತಮಗೆ ಬೇರೆ ಅಕ್ಕಿ ತರಿಸಿಕೊಂಡು ಅನ್ನ ಮಾಡಿಕೊಳ್ಳುತ್ತಾರೆ. ಮಗ (8) ಅಜ್ಜಿ ತಟ್ಟೆಗೇ ಕೈ ಹಾಕುತ್ತಾನೆ. ಮಗಳು (13) ಈಗ ಮುದ್ದೆಯೂ ಬೇಡ ಅನ್ನುತ್ತಾಳೆ, ಎಲ್ಲದಕ್ಕೂ ಎಷ್ಟು ಕ್ಯಾಲೊರಿ ಅಂತ ಕೇಳುತ್ತಾಳೆ. ನನ್ನದು ಹೇಳಿಕೊಳ್ಳಲು ನಾಚಿಕೆ. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಮಗನ ಬಿಸ್ಕತ್ತು, ಅತ್ತೆ ಮಾಡಿಟ್ಟ ನಿಪ್ಪಟ್ಟು, ಉಳಿದ ಅನ್ನ ಎಲ್ಲ ತಿನ್ನುತ್ತೇನೆ. ಆಮೇಲೆ ಅಳು ಬರುತ್ತೆ. ಮರುದಿನ ಬೆಳಗ್ಗೆ ತಿಂಡಿ ಬಿಡುತ್ತೇನೆ. ನಾಲ್ಕು ತಿಂಗಳಲ್ಲಿ ನನ್ನ ತೂಕ 3 ಕೆಜಿ ಜಾಸ್ತಿಯಾಗಿ 67 ಆಗಿದೆ. ಯಾವಾಗಲೂ ಸುಸ್ತು. ಎರಡನೇ ಹೆರಿಗೆಯಲ್ಲಿ ಸ್ವಲ್ಪ ಶುಗರ್ ಇತ್ತು, ಆಮೇಲೆ ಹೋಯಿತು. ನನಗೆ ಮನಸ್ಸಿನ ಹತೋಟಿ ಇಲ್ಲವಾ? ಅನ್ನ ವಾಪಸ್ ತಂದರೆ ಇವರ ಶುಗರ್ ಏರುತ್ತಾ? ಏರ್ ಫ್ರೈಯರ್ ತೊಗೊಳ್ಳಬೇಕಾ?

ಉತ್ತರ: ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಒಬ್ಬರ ಕಾಲು ಹಾಗಾಗಿದ್ದನ್ನು ಕಂಡವರು 6.1 ಅನ್ನುವ ಅಂಕಿಯನ್ನು ಬರೀ ಅಂಕಿಯಾಗಿ ನೋಡಲು ಆಗುವುದಿಲ್ಲ. ಡಯಟಿಷಿಯನ್ ಆಗಿ ನನ್ನ ಮುಂದೆ ಕೂರುವವರಲ್ಲಿ ಜಾಸ್ತಿ ಜನ ಬರುವುದು ಇಂಥ ಹೆದರಿಕೆ ಇಟ್ಟುಕೊಂಡೇ. ಆ ಹೆದರಿಕೆಯಲ್ಲಿ ಮೊದಲು ಮನೆ ಬಿಡುವುದು ಯಾವಾಗಲೂ ಅಕ್ಕಿ ಡಬ್ಬಿ.

ಅನ್ನ ವಾಪಸ್ ತನ್ನಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ತರಬೇಕು, ಯಾವುದರ ಜೊತೆ ತಿನ್ನಬೇಕು ಅನ್ನುವುದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ನಿಮ್ಮ ಪತ್ರ ಓದಿದಾಗ ಯಜಮಾನರ ಶುಗರ್‌ಗಿಂತ ನನಗೆ ಜಾಸ್ತಿ ಚಿಂತೆಯಾಗಿದ್ದು ಇನ್ನಿಬ್ಬರ ಬಗ್ಗೆ. ಒಬ್ಬಳು ನಿಮ್ಮ ಮಗಳು. ಇನ್ನೊಬ್ಬರು ನೀವು.

ಮೊದಲು ಆ 6.1. ಎಚ್‌ಬಿಎ1ಸಿ ಅಂದರೆ ಹೆಚ್ಚುಕಡಿಮೆ ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ. 5.7ಕ್ಕಿಂತ ಕೆಳಗಿದ್ದರೆ ಸರಿ, 5.7ರಿಂದ 6.4 ಅಂಚು, 6.5 ಮತ್ತು ಮೇಲೆ ಮಧುಮೇಹ. ಅಂಚಿನಲ್ಲಿರುವವರು ನಿಮ್ಮ ಯಜಮಾನರೊಬ್ಬರೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ದೇಶಮಟ್ಟದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 13.6 ಕೋಟಿ ಜನ ಈ ಅಂಚಿನಲ್ಲಿದ್ದಾರೆ. ಇವರೆಲ್ಲರೂ ಆ ಕಡೆಗೆ ಬೀಳುವುದಿಲ್ಲ. ಚೆನ್ನೈನ ವೈದ್ಯರು ನಮ್ಮಂಥ ಊಟ ಮಾಡುವ ಜನರ ಮೇಲೆಯೇ ಮೂರು ವರ್ಷ ಅಧ್ಯಯನ ಮಾಡಿ 2006ರಲ್ಲಿ ಫಲಿತಾಂಶ ಕೊಟ್ಟರು. ಊಟ, ನಡಿಗೆ ಸರಿಮಾಡಿಕೊಂಡ ಗುಂಪಿನಲ್ಲಿ ಮಧುಮೇಹಕ್ಕೆ ಜಾರುವ ಸಾಧ್ಯತೆ ಶೇ. 28.5ರಷ್ಟು ಕಡಿಮೆಯಾಯಿತು. ಅವರಿಗೆ ಅನ್ನವನ್ನು ಪೂರ್ತಿ ಬಿಡಿ ಅಂತ ಹೇಳಿರಲಿಲ್ಲ.

ಇಲ್ಲೊಂದು ವಿಷಯ ಗಮನದಲ್ಲಿರಲಿ. ಮೈಯಲ್ಲಿ ಕಬ್ಬಿಣ ಕಡಿಮೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಮೇಲೆ ತೋರಿಸಬಹುದು. ಹಾಗಾಗಿ ಮುಂದಿನ ಸಲ ಟೆಸ್ಟ್ ಮಾಡಿಸುವಾಗ ಜೊತೆಗೆ ಹಿಮೋಗ್ಲೋಬಿನ್ ಮತ್ತು ಖಾಲಿಹೊಟ್ಟೆ ಸಕ್ಕರೆ ಎರಡನ್ನೂ ನೋಡಿಸಿ. ಖಾಲಿಹೊಟ್ಟೆಯದು 100ರಿಂದ 125ರ ಒಳಗಿದ್ದರೆ ಅದೂ ಅಂಚೇ.

ಈಗ ಅಕ್ಕಿ ಮತ್ತು ರಾಗಿಯ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳಲ್ಲಿ ಏನೇನಿದೆ ಅಂತ ಅಳೆದು ಪಟ್ಟಿ ಕೊಟ್ಟಿದೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತೂ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಮುಟ್ಟುವುದಿಲ್ಲ. ಕಬ್ಬಿಣವೂ ರಾಗಿಯಲ್ಲೇ ಎಷ್ಟೋ ಪಾಲು ಜಾಸ್ತಿ. ಇಷ್ಟರಲ್ಲಿ ರಾಗಿ ಗೆದ್ದಿತು, ಅನುಮಾನವೇ ಇಲ್ಲ. ಆದರೆ ಪ್ರೋಟೀನ್? ರಾಗಿಯಲ್ಲಿ 7 ಗ್ರಾಂ ಚಿಲ್ಲರೆ, ಅಕ್ಕಿಯಲ್ಲಿ ಹತ್ತಿರ ಹತ್ತಿರ 8. ಹಿಟ್ಟಿನ ಅಂಶ, ಅಂದರೆ ಮೈಯಲ್ಲಿ ಸಕ್ಕರೆಯಾಗುವ ಭಾಗ, ರಾಗಿಯಲ್ಲಿ 67 ಗ್ರಾಂ, ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಆದರೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಒಂದು ಸಣ್ಣ ಬಟ್ಟಲು ಅನ್ನ ತೆಗೆದು ಅದರ ಜಾಗಕ್ಕೆ ದೊಡ್ಡ ಮುದ್ದೆ ಇಟ್ಟರೆ ಒಳಗೆ ಹೋಗುವ ಸಕ್ಕರೆ ಇಳಿಯುವುದಿಲ್ಲ, ಏರುತ್ತದೆ.

ಮುದ್ದೆಗೆ ಇನ್ನೊಂದು ಗುಣ ಉಂಟು. ನುಣ್ಣಗೆ ಬೀಸಿದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿ ತೊಳಸುತ್ತೇವೆ. ಹಾಗೆ ಬೆಂದ ಹಿಟ್ಟು ಹೊಟ್ಟೆಯಲ್ಲಿ ಬೇಗ ಕರಗುತ್ತದೆ. ಅದರ ಮೇಲೆ ನಾವು ಮುದ್ದೆಯನ್ನು ಅಗಿಯುವವರಲ್ಲ, ನುಂಗುವವರು. ಎರಡು ನಿಮಿಷಕ್ಕೆ ಒಂದು ಮುದ್ದೆ ಮುಗಿಸುವ ಗಂಡಸರನ್ನು ನೀವೂ ನೋಡಿರುತ್ತೀರಿ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಕರುಳಿನಿಂದ ಮಿದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಎರಡನೇ ಮುದ್ದೆ ಬಿದ್ದಿರುತ್ತದೆ. ಬೆಳಗಿನಿಂದ ಹೊಲದಲ್ಲಿ ದುಡಿದವರಿಗೆ ಅದು ಸರಿಹೋಗುತ್ತಿತ್ತು. ದಿನವಿಡೀ ಕುರ್ಚಿಯಲ್ಲಿ ಕೂರುವ ನಿಮ್ಮ ಯಜಮಾನರಿಗೆ ಆ ಲೆಕ್ಕ ಹೊಂದುವುದಿಲ್ಲ. ಹಾಗಂತ ಮುದ್ದೆ ಬಿಡಿ ಅನ್ನುತ್ತಿಲ್ಲ. 50ರಿಂದ 60 ಗ್ರಾಂ ಹಿಟ್ಟಿನ ಒಂದು ಮುದ್ದೆ ಸಾಕು. ಒಂದು ದಿನ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿ. ಕೈಗೆ ಅಂದಾಜು ಸಿಕ್ಕಮೇಲೆ ತಕ್ಕಡಿಯನ್ನು ಒಳಗಿಡಿ.

ನವಣೆ ಸಾಮೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಳ್ಳೆಯ ಧಾನ್ಯಗಳೇ. ಆದರೆ ಅಂಗಡಿಯಲ್ಲಿ ಬೆಳ್ಳಗೆ ಮಿನುಗುವ ನವಣೆ ಸಿಕ್ಕಿದರೆ ಅದರ ತೌಡು ಬಹಳಷ್ಟು ಹೋಗಿದೆ ಅಂತಲೇ ಅರ್ಥ. ಅದಕ್ಕೆ ದುಬಾರಿ ದುಡ್ಡು ಕೊಡುವುದರಲ್ಲಿ ದೊಡ್ಡ ಲಾಭವಿಲ್ಲ. ತೌಡು ಇರುವ ಕಾಳನ್ನೇ ತಂದಿದ್ದರೆ ಯಜಮಾನರ ಹೊಟ್ಟೆ ಉಬ್ಬರಕ್ಕೆ ಕಾರಣ ಅಲ್ಲೇ ಇದೆ. ಅನ್ನಕ್ಕೆ ಒಗ್ಗಿದ ಹೊಟ್ಟೆಗೆ ಮೂರು ಹೊತ್ತೂ ನಾರು ತುಂಬಿದ್ದೀರಿ, ನೀರು ಅಷ್ಟೇ ಕುಡಿಯುತ್ತಿದ್ದಾರೆ. ನಾರು ಜಾಸ್ತಿಯಾಗಿ ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ. ದಿನಕ್ಕೆ ಒಂದು ಹೊತ್ತು ಸಿರಿಧಾನ್ಯ ಇರಲಿ, ವಾರದಲ್ಲಿ ನಾಲ್ಕೈದು ದಿನ ಸಾಕು, ರಾತ್ರಿಯೇ ನೆನೆಸಿಡಿ. ಎರಡು ಮೂರು ವಾರ ಹೀಗೆ ಮಾಡಿದರೂ ಹೊಟ್ಟೆ ಸರಿಹೋಗದಿದ್ದರೆ, ಇಲ್ಲವೇ ಮಲದಲ್ಲಿ ರಕ್ತ ಕಂಡರೆ, ಧಾನ್ಯದ ಮೇಲೆ ತಪ್ಪು ಹೊರಿಸಿ ಸುಮ್ನೆ ಕೂರಬೇಡಿ. ಡಾಕ್ಟರಿಗೆ ತೋರಿಸಿ.

ಬೆಲ್ಲ ಬಹುಪಾಲು ಸಕ್ಕರೆಯೇ. ಒಂದು ಚಮಚ ಬೆಲ್ಲದಲ್ಲಿ ಸಿಗುವ ಕಬ್ಬಿಣ ಲೆಕ್ಕಕ್ಕೆ ಬರುವಷ್ಟಿಲ್ಲ. ರುಚಿಗೆ ಬೇಕಾದರೆ ಹಾಕಿ, ಔಷಧಿ ಅಂತ ಹಾಕಬೇಡಿ. ಗಾಣದ ಎಣ್ಣೆಯ ಘಮ ನನಗೂ ಇಷ್ಟ. ಆದರೆ ಯಾವ ಎಣ್ಣೆಯಾದರೂ ಒಂದು ಗ್ರಾಂಗೆ 9 ಕ್ಯಾಲೊರಿಯೇ. ನಿಮ್ಮ ಮನೆಯಲ್ಲಿ ಐದು ಜನ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಅಂದರೆ ಒಟ್ಟು ಎರಡೂವರೆ ಲೀಟರ್. ಅದರ ಆಸುಪಾಸಿನಲ್ಲಿದ್ದರೆ ನೀವು ಸರಿಯಾಗೇ ಇದ್ದೀರಿ. ಗಾಣದ ಎಣ್ಣೆ ಬೇಗ ಕನರು ಹತ್ತುತ್ತದೆ, ಒಟ್ಟಿಗೆ ಐದು ಲೀಟರ್ ತಂದಿಡಬೇಡಿ.

ಹಾಗಾದರೆ ತಪ್ಪು ಎಲ್ಲಿತ್ತು? ನಾಲ್ಕು ತಿಂಗಳ ಹಿಂದಿನ ನಿಮ್ಮ ಊಟದ ತಟ್ಟೆ ನಾನು ನೋಡಿಲ್ಲ, ಆದರೆ ಬಯಲುಸೀಮೆಯ ಮನೆಗಳ ತಟ್ಟೆ ಸಾಕಷ್ಟು ನೋಡಿದ್ದೇನೆ. ಮೊದಲು ಮುದ್ದೆ ಸಾರು, ಆಮೇಲೆ ಅನ್ನ ಸಾರು, ಕೊನೆಗೆ ಅನ್ನ ಮಜ್ಜಿಗೆ. ಪಲ್ಯ ಒಂದು ಚಮಚ, ತಟ್ಟೆಯ ಮೂಲೆಯಲ್ಲಿ. ಈಗ ಬೇಳೆಯ ಲೆಕ್ಕ ಮಾಡಿ ನೋಡಿ. ಐದು ಜನರ ಸಾರಿಗೆ ದಿನಕ್ಕೆ 200 ಗ್ರಾಂ ತೊಗರಿಬೇಳೆ ಹಾಕುತ್ತೀರಿ ಅಂದುಕೊಳ್ಳೋಣ. ಅದರಲ್ಲಿ ಪ್ರೋಟೀನ್ ಸುಮಾರು 44 ಗ್ರಾಂ. ಒಬ್ಬರ ಪಾಲಿಗೆ 9 ಗ್ರಾಂ. 60 ಕೆಜಿ ತೂಕದ ಒಬ್ಬರಿಗೆ ದಿನಕ್ಕೆ ಬೇಕಾಗಿರುವುದು ಸುಮಾರು 50. ಬಾಕಿಯಲ್ಲಿ ಒಂದಷ್ಟು ಧಾನ್ಯದಿಂದ, ಹಾಲು ಮೊಸರಿನಿಂದ ಬರುತ್ತದೆ, ಆದರೂ ಕೊರತೆ ಉಳಿಯುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ದಾಟಬಾರದು, ಕಾಳು, ಬೇಳೆ, ಮಾಂಸ ಮೊಟ್ಟೆಗಳದ್ದು ಸುಮಾರು 15 ಇರಬೇಕು. ಸಿರಿಧಾನ್ಯವೂ ಆ 45ರ ಒಳಗೇ ಬರುತ್ತದೆ. ನೀವು ಧಾನ್ಯವನ್ನು ಬದಲಾಯಿಸಿದಿರಿ, ಧಾನ್ಯದ ಪಾಲನ್ನು ಹಾಗೇ ಬಿಟ್ಟಿರಿ.

ಬಸ್ಸಾರನ್ನೇ ತೊಗೊಳ್ಳಿ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು, ಮಸಾಲೆ ರುಬ್ಬಿ ಸಾರು ಮಾಡುತ್ತೇವೆ. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಅಡುಗೆಯಾಗಿ ಇದಕ್ಕಿಂತ ಚೆಂದದ್ದು ಏನಿದೆ? ಆದರೆ ಬಡಿಸುವಾಗ ಸಾರು ಎರಡು ಸೌಟು, ಪಲ್ಯ ಒಂದು ಚಮಚ. ಪ್ರೋಟೀನ್, ನಾರು ಎಲ್ಲ ಇರುವುದು ಆ ಪಲ್ಯದಲ್ಲಿ! ಕಾಳಿನ ಅಳತೆ ಒಂದೂವರೆಪಟ್ಟು ಮಾಡಿ, ಪಲ್ಯವನ್ನು ಸೌಟಿನಲ್ಲಿ ಬಡಿಸಿ. ಅಷ್ಟಕ್ಕೇ ಅರ್ಧ ಕೆಲಸ ಆಯಿತು. ಹುರುಳಿ ಮೊಳಕೆ ಸಾರು, ಅಲಸಂದೆ, ಹೆಸರುಕಾಳು, ಕಾಲ ಬಂದಾಗ ಅವರೆಕಾಳು ಎಲ್ಲಕ್ಕೂ ಇದೇ ಮಾತು. ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಸುಲಭವಾಗಿ ಸಿಗುತ್ತದೆ.

ಯಜಮಾನರಿಗೆ ಮಧ್ಯಾಹ್ನ ಮುದ್ದೆ ಇದ್ದರೆ ಅನ್ನ ಮಜ್ಜಿಗೆಗೆ ಮಾತ್ರ, ಎರಡು ಮೂರು ತುತ್ತು. ಮುದ್ದೆ ಇಲ್ಲದ ಹೊತ್ತಿನಲ್ಲಿ 50-60 ಗ್ರಾಂ ಅಕ್ಕಿಯ ಅನ್ನ, ಬೆಂದ ಮೇಲೆ ಅದು ಒಂದು ದೊಡ್ಡ ಬಟ್ಟಲಾಗುತ್ತದೆ. ರಾತ್ರಿ ಸಲಾಡ್ ಜಾಗಕ್ಕೆ ಊಟ ತನ್ನಿ. ಅನ್ನವೋ ಚಪಾತಿಯೋ, ಎರಡರಲ್ಲಿ ಒಂದು, ಜೊತೆಗೆ ಗಟ್ಟಿ ಬೇಳೆ ಇಲ್ಲವೇ ಕಾಳು, ಪಲ್ಯ, ಮೊಸರು. ತಿನ್ನುವಾಗ ಪಲ್ಯ, ಕೋಸಂಬರಿ ಮೊದಲು ಹೋಗಲಿ, ಅನ್ನ ಆಮೇಲೆ. ತರಕಾರಿ ಮತ್ತು ಪ್ರೋಟೀನ್ ಮೊದಲು ಹೊಟ್ಟೆಗೆ ಬಿದ್ದರೆ ಊಟದ ನಂತರದ ಸಕ್ಕರೆ ಅಷ್ಟು ಎತ್ತರಕ್ಕೆ ಜಿಗಿಯುವುದಿಲ್ಲ ಅಂತ ಹಲವು ಅಧ್ಯಯನಗಳು ತೋರಿಸಿವೆ. ಮದುವೆಮನೆಯಲ್ಲಿ ಅನ್ನ ಬರುವ ತನಕ ಎಲೆಯ ಮೇಲಿನ ಕೋಸಂಬರಿ ಕೆದಕುತ್ತಾ ಕೂರುತ್ತೇವಲ್ಲ, ಅದನ್ನೇ ಮನೆಯಲ್ಲೂ ಮಾಡಿ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅವರು ನಡೆಯಲಿ. ಕಾಲಿನ ದೊಡ್ಡ ಸ್ನಾಯುಗಳು ಕೆಲಸಕ್ಕಿಳಿದರೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅದಕ್ಕೆ ಜಾಸ್ತಿ ಇನ್ಸುಲಿನ್ ಬೇಕಾಗುವುದಿಲ್ಲ. ಬೆಳಗಿನ ಒಂದು ಗಂಟೆ ವಾಕಿಂಗ್ ಆಗದಿದ್ದರೂ ಇದು ಎಲ್ಲರ ಕೈಯಲ್ಲೂ ಆಗುವ ಕೆಲಸ. ಸೊಂಟದ ಸುತ್ತಳತೆಯನ್ನೂ ಒಮ್ಮೆ ಟೇಪಿನಲ್ಲಿ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ನಮ್ಮ ಜನಕ್ಕೆ ಅಪಾಯ ಜಾಸ್ತಿ. ತೂಕದ ಮಷೀನಿಗಿಂತ ಈ ಟೇಪು ಜಾಸ್ತಿ ನಿಜ ಹೇಳುತ್ತದೆ.

ಬೇಕರಿ ವಿಷಯಕ್ಕೆ ಬರೋಣ. ಅವರು ದಿನಕ್ಕೆ ಎಷ್ಟು ಟೀ ಕುಡಿಯುತ್ತಾರೆ ಅಂತ ನೀವು ಬರೆದಿಲ್ಲ, ಆದರೆ ಕೇಳಿ ನೋಡಿ. ಆಫೀಸು, ಬೇಕರಿ ಸೇರಿ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಅಂದರೂ 35-40 ಗ್ರಾಂ ಸಕ್ಕರೆ. ಮೇಲಿಂದ ಹಾಕಿಕೊಳ್ಳುವ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಜೊತೆ ಖಾರಾ ಬನ್ನೋ, ಪಫ್ಸೋ, ದಿಲ್‌ಪಸಂದೋ. ಮೈದಾ, ವನಸ್ಪತಿ, ಸಕ್ಕರೆ, ಮೂರೂ ಒಟ್ಟಿಗೆ. ಮನೆಯಲ್ಲಿ ಅನ್ನ ನಿಂತಿತು, ಬೇಕರಿ ಶುರುವಾಯಿತು. ಶುಗರ್ ದೃಷ್ಟಿಯಿಂದ ಇದು ನಷ್ಟದ ವ್ಯಾಪಾರ. ಆದರೆ ಅವರನ್ನು ಬೈಯಬೇಡಿ. ಬರೀ ಸಲಾಡ್ ಕಾದಿದೆ ಅಂತ ಗೊತ್ತಿದ್ದರೆ ಬೇಕರಿ ದಾಟಿ ಬರುವುದು ಯಾರಿಗಾದರೂ ಕಷ್ಟವೇ. ಮನೆಯಲ್ಲಿ ಊಟ ಸಿಕ್ಕರೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಟೀ ಬೈಟು ಮಾಡಿಕೊಳ್ಳಲಿ, ಸಕ್ಕರೆ ಒಂದು ಚಮಚಕ್ಕೆ ಇಳಿಸಲಿ. ಪೂರ್ತಿ ಬಿಡಿ ಅಂದರೆ ನಾಲ್ಕು ದಿನ ನಡೆಯುತ್ತದೆ ಅಷ್ಟೆ.

ತಂಗಳನ್ನದ ಬಗ್ಗೆಯೂ ಯಾರಾದರೂ ನಿಮಗೆ ವಾಟ್ಸಾಪ್ ಕಳಿಸಿರುತ್ತಾರೆ. ಅನ್ನ ಆರಿದಾಗ ಅದರ ಪಿಷ್ಟದಲ್ಲಿ ಸ್ವಲ್ಪ ಭಾಗ ಬೇಗ ಕರಗದ ರೂಪಕ್ಕೆ ತಿರುಗುವುದು ನಿಜ. ಲಾಭ ಸಣ್ಣದು. ರಾತ್ರಿಯಿಡೀ ಒಲೆಯ ಪಕ್ಕ ಇಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ, ಬೆಳಗ್ಗೆ ಕಡಲೆಕಾಯಿ ಬೀಜ ಹಾಕಿ ಚಿತ್ರಾನ್ನ ಮಾಡಿ, ಯಾವ ತಪ್ಪೂ ಇಲ್ಲ.

ಈಗ ರಾತ್ರಿ ಹನ್ನೊಂದರ ವಿಷಯ. ಮನಸ್ಸಿನ ಹತೋಟಿ ಇಲ್ಲವಾ ಅಂತ ಕೇಳಿದ್ದೀರಿ. ನಿಮ್ಮ ದಿನವನ್ನು ನಾನು ಓದಿಕೊಂಡ ಹಾಗೆ ಹೇಳುತ್ತೇನೆ. ಬೆಳಗ್ಗೆ ತಿಂಡಿ ಇಲ್ಲ. ಮಧ್ಯಾಹ್ನ ಸ್ಕೂಲಿನಲ್ಲಿ ಡಬ್ಬಿ, ಅದೂ ಗಂಟೆ ಹೊಡೆಯುವುದರೊಳಗೆ ಮುಗಿಸಬೇಕು. ಸಂಜೆ ಬಂದವರೇ ಅಡುಗೆ, ಮಕ್ಕಳ ಹೋಂವರ್ಕ್. ರಾತ್ರಿ ಒಂದು ಬಟ್ಟಲು ಸೌತೆಕಾಯಿ, ಟೊಮೆಟೊ, ಕ್ಯಾರೆಟ್, ಅದರಲ್ಲಿ ನೂರು ಕ್ಯಾಲೊರಿಯೂ ಇಲ್ಲ. ಇಷ್ಟರ ಮೇಲೆ ಹನ್ನೊಂದಕ್ಕೆ ಹಸಿವಾಗದಿದ್ದರೆ ಅದೇ ಆಶ್ಚರ್ಯ. ನೀವು ಅದನ್ನು ಚಪಲ ಅಂದುಕೊಂಡಿದ್ದೀರಿ. ಅದು ಹಸಿವು.

1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ಮಾಡಿದರು. ಯುದ್ಧಕಾಲದ ಹಸಿವನ್ನು ಅರಿಯಲು 24 ವಾರ ಅವರಿಗೆ ಮಾಮೂಲಿನ ಅರ್ಧದಷ್ಟೇ ಊಟ. ಯುವಕರು ಒಪ್ಪಿ ಬಂದವರು, ಗಟ್ಟಿ ಮನಸ್ಸಿನವರು. ಕೆಲವೇ ವಾರಗಳಲ್ಲಿ ಅವರಿಗೆ ಊಟದ ಯೋಚನೆ ಬಿಟ್ಟು ಬೇರೇನೂ ಇಲ್ಲವಾಯಿತು. ಅಡುಗೆ ಪುಸ್ತಕ ಕೂಡಿಹಾಕತೊಡಗಿದರು, ಸಿಡುಕರಾದರು, ಕೆಲವರು ಕದ್ದು ತಿಂದರು. ಪ್ರಯೋಗ ಮುಗಿದ ಮೇಲೂ ಎಷ್ಟು ತಿಂದರೂ ತೃಪ್ತಿಯಾಗುತ್ತಿಲ್ಲ ಅಂದವರಿದ್ದರು. ಊಟ ಕಡಿಮೆಯಾದಾಗ ಮೈ ಹಸಿವಿನ ಹಾರ್ಮೋನು ಏರಿಸುತ್ತದೆ, ತೃಪ್ತಿಯ ಹಾರ್ಮೋನು ಇಳಿಸುತ್ತದೆ. ಮೇಲಾಗಿ 'ಇದು ನಿಷಿದ್ಧ' ಅಂದುಕೊಂಡ ತಿನಿಸು ಒಂದು ಚೂರು ಬಾಯಿಗೆ ಬಿದ್ದರೆ, 'ಹೇಗೂ ಕೆಟ್ಟಿತು, ನಾಳೆಯಿಂದ ನೋಡೋಣ' ಅನ್ನಿಸಿ ಡಬ್ಬಿ ಖಾಲಿಯಾಗುತ್ತದೆ. ಬೆಳಗ್ಗೆ ತಪ್ಪಿತಸ್ಥ ಭಾವ, ತಿಂಡಿ ಬಿಡುವುದು, ರಾತ್ರಿ ಮತ್ತೆ ಅದೇ. ಈ ಸುತ್ತು ಕಡಿಯಬೇಕಾದ್ದು ಬೆಳಗ್ಗೆ. ಹಿಂದಿನ ರಾತ್ರಿ ಏನೇ ಆಗಿರಲಿ, ಬೆಳಗ್ಗೆ ತಿಂಡಿ ತಿನ್ನಿ.

ಸಂಜೆ ಸ್ಕೂಲಿನಿಂದ ಬಂದ ತಕ್ಷಣ, ಗ್ಯಾಸ್ ಹಚ್ಚುವ ಮೊದಲು, ಏನಾದರೂ ಗಟ್ಟಿಯಾದದ್ದು ತಿನ್ನಿ. ಕಡಲೆಕಾಳು ಉಸಲಿ, ಬೇಯಿಸಿದ ಕಡಲೆಕಾಯಿ, ಒಂದು ಹಿಡಿ ಹುರಿಗಡಲೆ ಮತ್ತು ಮಜ್ಜಿಗೆ, ಯಾವುದಾದರೂ ಸರಿ. ರಾತ್ರಿ ಎಲ್ಲರ ಜೊತೆ ಕೂತು, ಎಲ್ಲರೂ ತಿನ್ನುವ ಊಟವನ್ನೇ ತಿನ್ನಿ. ಎಲ್ಲರಿಗೂ ಬಡಿಸಿ, ಮಿಕ್ಕಿದ್ದನ್ನು ಬಳಿದು, ನಿಂತುಕೊಂಡೇ ಹೊಟ್ಟೆಗೆ ಹಾಕಿಕೊಳ್ಳುವುದು ನಮ್ಮ ಹೆಂಗಸರ ಹಳೆಯ ಅಭ್ಯಾಸ. ಅದನ್ನು ತ್ಯಾಗ ಅಂತ ಹೊಗಳುವವರೂ ಇದ್ದಾರೆ. ನನಗೆ ಆ ಹೊಗಳಿಕೆ ಕೇಳಿದರೆ ಸಿಟ್ಟು ಬರುತ್ತದೆ. ಪಾತ್ರೆಗಳನ್ನು ಮಧ್ಯದಲ್ಲಿಟ್ಟರೆ ಎಲ್ಲರೂ ತಾವೇ ಬಡಿಸಿಕೊಳ್ಳಬಹುದು, ಎಂಟು ವರ್ಷದ ಹುಡುಗನೂ ಸೇರಿ.

ಬಿಸ್ಕತ್ತು ನಿಪ್ಪಟ್ಟಿನ ಡಬ್ಬಿಯನ್ನು ಬೀಗ ಹಾಕಿ ಇಡಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ನಿಪ್ಪಟ್ಟು ತಿನ್ನಬೇಕು ಅನ್ನಿಸಿದರೆ ಹಗಲು ಹೊತ್ತಿನಲ್ಲಿ, ತಟ್ಟೆಗೆ ಎರಡು ಹಾಕಿಕೊಂಡು, ಅತ್ತೆಯ ಎದುರೇ ಕೂತು ತಿನ್ನಿ. ಫೋನು, ಟಿವಿ ಆಚೆ ಇರಲಿ. ಕದ್ದು ತಿಂದಾಗ ಹತ್ತು ತಿಂದರೂ ರುಚಿ ನೆನಪಿರುವುದಿಲ್ಲ. ಊಟದಲ್ಲಿ ಗಮನ ಇಡಿ ಅಂತ ಈಗ ಎಲ್ಲೆಲ್ಲೂ ಹೇಳುತ್ತಾರೆ, ಅದಕ್ಕೆ ಕೋರ್ಸು, ಆ್ಯಪು ಎಲ್ಲ ಬಂದಿವೆ. ಮೂರು ಹೊತ್ತು ಕೂತು, ಹೊಟ್ಟೆ ತುಂಬಾ, ಕದಿಯದೆ ತಿನ್ನುವುದು ಮೊದಲು ಆಗಲಿ. ಹಸಿದವರಿಗೆ ನಿಧಾನವಾಗಿ ಅಗಿಯಿರಿ ಅಂತ ಹೇಳಿ ಪ್ರಯೋಜನವಿಲ್ಲ.

ನಾಲ್ಕರಿಂದ ಆರು ವಾರ ಹೀಗೆ ಹೊತ್ತುಹೊತ್ತಿಗೆ ತಿಂದ ಮೇಲೂ ವಾರಕ್ಕೊಮ್ಮೆಯಾದರೂ ಕೈ ತಡೆಯಲಾಗದೆ ತಿನ್ನುವುದು ಮುಂದುವರಿದರೆ ಅದಕ್ಕೆ ಚಿಕಿತ್ಸೆ ಇದೆ. ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣುವುದರಲ್ಲಿ ನಾಚಿಕೆ ಏನೂ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮಗಳ ವಿಷಯದಲ್ಲಿ ಕಾಯಬೇಡಿ. ಹದಿಮೂರು ವರ್ಷ ಅಂದರೆ ಮೂಳೆ ಕಟ್ಟುವ ವಯಸ್ಸು, ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ಶುರುವಾಗಿದ್ದರೆ ಕಬ್ಬಿಣವೂ ಬೇಕು. ಈ ವಯಸ್ಸಿನಲ್ಲಿ ಊಟ ಬಿಡುವುದು ಸಣ್ಣ ಹಟ ಅಲ್ಲ. ಅವಳು ಇದನ್ನು ಎಲ್ಲಿಂದ ಕಲಿತಳು ಅಂತ ಹುಡುಕಿಕೊಂಡು ಹೋಗಬೇಕಿಲ್ಲ. ಇನ್‌ಸ್ಟಾಗ್ರಾಂ ಇರಬಹುದು, ಕ್ಲಾಸಿನ ಗೆಳತಿಯರಿರಬಹುದು. ಮನೆಯಲ್ಲಿ ನಾಲ್ಕು ತಿಂಗಳಿಂದ ಅನ್ನ ಕೆಟ್ಟದ್ದು, ಸಕ್ಕರೆ ವಿಷ, ಅಮ್ಮ ದಪ್ಪ ಅನ್ನುವಂಥ ಮಾತು ನಡೆದಿರಬಹುದು. ಅದನ್ನೂ ಅವಳು ಕೇಳಿಸಿಕೊಂಡಿರುತ್ತಾಳೆ. ಊಟದ ಹೊತ್ತಿನಲ್ಲಿ ತೂಕ, ಕ್ಯಾಲೊರಿ, ಶುಗರ್ ಮಾತು ಇವತ್ತಿನಿಂದಲೇ ನಿಲ್ಲಿಸಿ. ನಿಮ್ಮ ಮೈಯನ್ನು ಅವಳೆದುರು ಬೈದುಕೊಳ್ಳಬೇಡಿ. "ತಿನ್ನದಿದ್ದರೆ ನೋಡು" ಅಂತ ಗದರಿಸುವುದರಿಂದಲೂ, "ಸಣ್ಣಗಾಗಿದ್ದೀಯಾ" ಅಂತ ಮೆಚ್ಚುವುದರಿಂದಲೂ ಕೆಡುತ್ತದೆ.

ಅವಳ ಬಟ್ಟೆ ಸಡಿಲವಾಗಿದೆಯಾ, ಮುಟ್ಟು ತಪ್ಪಿದೆಯಾ, ತಲೆಸುತ್ತು ಅಥವಾ ಕೂದಲು ಉದುರುವುದು ಇದೆಯಾ, ಉಂಡ ತಕ್ಷಣ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳಾ, ಡಬ್ಬಿಯ ಊಟ ಬೇರೆಯವರಿಗೆ ಕೊಡುತ್ತಾಳಾ. ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ತುಮಕೂರಿನಿಂದ ದೂರವೇನಲ್ಲ. ಒಂದಕ್ಕೂ ಹೌದು ಇಲ್ಲದಿದ್ದರೆ ಒಂದೆರಡು ವಾರ ಬರೀ ಒಟ್ಟಿಗೆ ಕೂತು ಊಟ ಮಾಡಿ, ಗಮನಿಸಿ.

ಅತ್ತೆಯವರು ಈ ಮನೆಯಲ್ಲಿ ನಿಮ್ಮ ಎದುರಾಳಿ ಆಗಬೇಕಿಲ್ಲ. ಉಪ್ಸಾರು, ಮಸ್ಸೊಪ್ಪು, ಹುರುಳಿಕಟ್ಟು ಅವರ ಕೈಯಲ್ಲಿ ಬರುತ್ತದೆ ಅಂತ ನನ್ನ ಊಹೆ. ಪಲ್ಯದ ಕೆಲಸ ಅವರಿಗೇ ವಹಿಸಿ. ಅನ್ನ ಮತ್ತೆ ಒಂದೇ ಪಾತ್ರೆಯಲ್ಲಿ ಆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಿಮ್ಮ ಮುಂದೆ ಇನ್ನೂ ಕೆಲವು ದಾರಿಗಳಿವೆ, ಅವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಹದಿನಾರು ಗಂಟೆ ಉಪವಾಸ ಕೆಲವರಿಗೆ ತೂಕ ಇಳಿಸಲು ನೆರವಾಗಿದೆ. ಯಜಮಾನರು ಬೇಕಾದರೆ ಡಾಕ್ಟರನ್ನು ಕೇಳಿ ನೋಡಲಿ, ಮುಂದೆ ಶುಗರ್ ಮಾತ್ರೆ ಶುರುವಾದರೆ ಮಾತ್ರ ಅದು ಅಪಾಯವಾಗಬಹುದು. ನಿಮಗಂತೂ ಬೇಡವೇ ಬೇಡ, ಈಗಾಗಲೇ ನೀವು ಅರೆಹೊಟ್ಟೆಯಲ್ಲಿದ್ದೀರಿ. ಧಾನ್ಯ ಹೆಚ್ಚುಕಡಿಮೆ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಕೀಟೊದಂಥ ಊಟದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ, ಆದರೆ ನಮ್ಮ ಅಡುಗೆಯಲ್ಲಿ ಅದನ್ನು ಆರು ತಿಂಗಳಾದರೂ ನಡೆಸಿದವರನ್ನು ನಾನು ಕಂಡಿರುವುದು ಕಡಿಮೆ. ಕೆಲವರಿಗೆ ಕೊಲೆಸ್ಟ್ರಾಲ್ ಏರುತ್ತದೆ. ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ಎರಡು ವಾರ ಹಾಕಿಕೊಂಡರೆ ಯಾವ ಊಟಕ್ಕೆ ಎಷ್ಟು ಏರುತ್ತದೆ ಅಂತ ಕಣ್ಣಾರೆ ಕಾಣುತ್ತದೆ, ಉಪಯೋಗವಿದೆ. ಆದರೆ ನಿಮ್ಮ ಮನೆಯಲ್ಲಿ ಸದ್ಯ ಇನ್ನೊಂದು ಅಂಕಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಏರ್ ಫ್ರೈಯರ್ ಬೋಂಡಾ ತಿನ್ನುವ ಮನೆಗೆ ಎಣ್ಣೆ ಉಳಿಸುತ್ತದೆ. ಕಾಳು ಪಲ್ಯಕ್ಕೆ ಕುಕ್ಕರ್ ಸಾಕು.

ಮೂರು ತಿಂಗಳು ಈ ಊಟ ನಡೆಸಿ ಯಜಮಾನರ ಎಚ್‌ಬಿಎ1ಸಿ ಮತ್ತೆ ಮಾಡಿಸಿ. 6.1 ಅಲ್ಲೇ ನಿಂತಿದ್ದರೂ ಅದು ಸೋಲಲ್ಲ, ಈ ವಯಸ್ಸಿನಲ್ಲಿ, ಮನೆತನದಲ್ಲಿ ಶುಗರ್ ಇರುವವರಿಗೆ ಏರದಿರುವುದೂ ಲಾಭವೇ. 6.5 ತಲುಪಿದರೆ ಮಾತ್ರೆ ಬೇಕಾಗಬಹುದು, ಆಗ ಡಾಕ್ಟರು ಹೇಳಿದ್ದನ್ನು ಬೆಲ್ಲ, ಕಷಾಯದಿಂದ ತಳ್ಳಿಹಾಕಬೇಡಿ.

ಲ್ಯಾಬಿಗೆ ನೀವೂ ಹೋಗಬೇಕು. ಎರಡನೇ ಹೆರಿಗೆಯಲ್ಲಿ ಸ್ವಲ್ಪ ಶುಗರ್ ಇತ್ತು ಅಂತ ಒಂದೇ ಸಾಲಿನಲ್ಲಿ ಬರೆದು ದಾಟಿದ್ದೀರಿ. ಬಸುರಿಯಲ್ಲಿ ಶುಗರ್ ಬಂದ ಹೆಂಗಸರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳು ಪಟ್ಟಿಗೂ ಜಾಸ್ತಿ. ಹೆರಿಗೆಯಾದ ಮೇಲೆ ಹೋಯಿತು ಅಂತ ಬಿಡುವ ಹಾಗಿಲ್ಲ, ಒಂದರಿಂದ ಮೂರು ವರ್ಷಕ್ಕೊಮ್ಮೆ ಜೀವನಪೂರ್ತಿ ನೋಡಿಸಿಕೊಳ್ಳಬೇಕು. ಮಗನಿಗೆ ಎಂಟು ವರ್ಷ, ಅಷ್ಟು ದಿನದಿಂದ ನೀವು ಒಮ್ಮೆಯೂ ಟೆಸ್ಟ್ ಮಾಡಿಸಿಲ್ಲ ಅಂತ ಪತ್ರದ ದನಿಯಿಂದ ಅನ್ನಿಸುತ್ತದೆ. ಈ ಮನೆಯಲ್ಲಿ ಶುಗರ್ ಅಪಾಯ ಯಜಮಾನರಿಗಷ್ಟೇ ಅಲ್ಲ, ನಿಮಗೂ ಇದೆ. ಎಚ್‌ಬಿಎ1ಸಿ, ಖಾಲಿಹೊಟ್ಟೆ ಸಕ್ಕರೆ, ಸುಸ್ತಿಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್, ಇಷ್ಟು ಮಾಡಿಸಿ. ರಾಜ್ಯದಲ್ಲಿ ನಿಮ್ಮ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ, ಹಾಗಾಗಿ ಸುಸ್ತನ್ನು ಕೆಲಸ ಜಾಸ್ತಿ ಅಂತ ಬಿಟ್ಟುಬಿಡಬೇಡಿ. ಅದಕ್ಕೆ ಯಜಮಾನರ ಹಾಗೆ ಮೂರು ತಿಂಗಳು ಕಾಯುವುದೂ ಬೇಕಿಲ್ಲ. ಅವರದು ಆಮೇಲೆ ಆಗಲಿ, ನಿಮ್ಮದನ್ನು ಈ ತಿಂಗಳೇ ಮಾಡಿಸಿ.